ಪಕ್ಕದಲ್ಲಿ ನಿಂತವನ ಕಾಗದಕ್ಕೆ ಸಹಿ ಯಾರದು?

ಕೋಲಾರ ಬಸ್ ಸ್ಟ್ಯಾಂಡ್, ಬೆಳಗಿನ ಐದೂವರೆ. ಹದಿನಾರು ಹುಡುಗರು, ಎರಡು ಗೋಣಿಚೀಲದ ತುಂಬ ಗೋಲ್‌ಕೀಪರ್ ಪ್ಯಾಡು, ಹಗ್ಗ ಬಿಗಿದ ಹಾಕಿ ಸ್ಟಿಕ್ಕಿನ ಕಂತೆ. ಕೆಲವು ವರ್ಷದ ಹಿಂದೆ ನಾನು ಒಂದು ಜೂನಿಯರ್ ತಂಡಕ್ಕೆ ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಅಂದರೆ ದೊಡ್ಡ ಹುದ್ದೆ ಏನಲ್ಲ. ಟಿಕೆಟ್ ತೆಗೆಯುವುದು, ಇಡ್ಲಿ ಲೆಕ್ಕ ಹಾಕುವುದು, ಆಧಾರ್ ಜೆರಾಕ್ಸ್ ಕಳೆದುಹೋಗದ ಹಾಗೆ ನೋಡಿಕೊಳ್ಳುವುದು. ಬೆಂಗಳೂರು ಬಸ್ಸು ಇನ್ನೇನು ಹೊರಡಬೇಕು, ಟ್ರ್ಯಾಕ್ ಸೂಟ್ ಹಾಕಿದವರೊಬ್ಬರು ಓಡಿಬಂದು ನಮ್ಮ ಕೋಚ್ ಮೇಷ್ಟ್ರ ಕೈಗೆ ಒಂದು ಕಾಗದ ಕೊಟ್ಟರು.

"ನಮಸ್ಕಾರ ಸಾರ್. ನಾನೇ ನಿಮ್ಮ ಅಸಿಸ್ಟೆಂಟ್ ಕೋಚ್."

ಮೇಷ್ಟ್ರು ಕಾಗದದಲ್ಲಿ ಬರೆದಿದ್ದನ್ನು ಓದಲೇ ಇಲ್ಲ. ಕಣ್ಣು ಸೀದಾ ಕೆಳಗಿನ ಸಾಲಿಗೆ ಹೋಯಿತು. "ಸೈನ್ ಹಾಕಿರೋದು ಯಾರು?" ಅಂದರು.

ಎರಡು ದಿನ ಬಿಟ್ಟು ಅದರ ಫಲ ಕಾಣಿಸಿತು. ಎದುರಾಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ನಮ್ಮ ಗೋಲಿನ ಹತ್ತಿರ ನಾವು ಮಾಡಿದ ತಪ್ಪಿಗೆ ಅವರಿಗೆ ಸಿಗುವ ಹೊಡೆತ, ಸಿಕ್ಕಿತ್ತು. ಗೋಲ್‌ಕೀಪರ್ ಸೇರಿ ನಮ್ಮ ಐವರು ಗೋಲ್ ಲೈನ್ ಹಿಂದೆ ನಿಂತಿದ್ದರು. ಚೆಂಡು ಒಳಗಿನಿಂದ ಹೊರಗೆ ಬಂದ ಕೂಡಲೆ ಮೊದಲನೇ ಹುಡುಗ ಹೊಡೆಯುವವನ ಮೇಲೆ ನೇರ ಓಡಬೇಕು. ಮೇಷ್ಟ್ರು ಇದನ್ನೇ ಒಂದು ತಿಂಗಳು ತಿದ್ದಿ ತೀಡಿದ್ದರು. ಹೊಸಬರು ಹೇಳಿಕೊಟ್ಟು ಬಂದಿದ್ದ ಪದ್ಧತಿ ಬೇರೆ: ಅರ್ಧ ದೂರ ಓಡು, ಪಾಸ್ ಕೊಡೋ ದಾರಿ ಮುಚ್ಚು. ಹುಡುಗ ಓಡಿದ. ಲೈನಿನ ಆಚೆಯಿಂದ "ನಿಲ್ಲೋ, ನಿಲ್ಲೋ!" ಅಂತ ಹೊಸಬರ ಕೂಗು ಬಂತು. ಹುಡುಗ ನಿಂತ. ಚೆಂಡು ಅವನ ಮೊಣಕಾಲಿನ ಪಕ್ಕದಲ್ಲೇ ಹಾದು ಗೋಲಿನ ಹಲಗೆಗೆ ಬಡಿಯಿತು. ಆ ಶಬ್ದ ನನಗೆ ಈಗಲೂ ನೆನಪಿದೆ.

ಎರಡೂ ಪದ್ಧತಿ ಸರಿಯೇ. ಒಟ್ಟಿಗೆ ಸರಿಯಲ್ಲ, ಅಷ್ಟೇ. ಯಾವ ಟೂರ್ನಿ, ಯಾರ ಕಾಗದ ಅನ್ನೋದು ಇಲ್ಲಿ ಬೇಡ. ಆದರೆ ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಕೇಳಿದ ಪ್ರಶ್ನೆ ದೊಡ್ಡ ದೊಡ್ಡ ತಂಡಗಳನ್ನೂ ಬಿಟ್ಟಿಲ್ಲ. ಮುಖ್ಯ ಕೋಚ್ ನೇಮಕ ಆದರೆ ಪೇಪರಿನಲ್ಲಿ ಫೋಟೊ ಬರುತ್ತೆ. ಅವನ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಲ್ಲುವವನನ್ನು ಆರಿಸಿದ್ದು ಯಾರು ಅಂತ ಯಾರೂ ಕೇಳುವುದಿಲ್ಲ. ತಂಡ ಸೋತು ಕೋಚ್ ಮನೆಗೆ ಹೋದ ದಿನ ಮಾತ್ರ ಆ ವಿಷಯ ಹೊರಗೆ ಬರುತ್ತೆ.

2023ರ ಜನವರಿ 30 ಅಂಥ ಒಂದು ದಿನ. ಭುವನೇಶ್ವರ ಮತ್ತು ರೂರ್ಕೆಲಾದಲ್ಲಿ ನಮ್ಮದೇ ನೆಲದ ಹಾಕಿ ವಿಶ್ವಕಪ್. ನ್ಯೂಜಿಲೆಂಡ್ ಎದುರು ಶೂಟೌಟ್‌ನಲ್ಲಿ ಸೋತ ಭಾರತ ಕ್ವಾರ್ಟರ್ ಫೈನಲನ್ನೂ ಮುಟ್ಟಲಿಲ್ಲ. ಕೊನೆಗೆ ಅರ್ಜೆಂಟೀನಾ ಜೊತೆ ಒಂಬತ್ತನೇ ಸ್ಥಾನ ಹಂಚಿಕೊಂಡಿತು. ಟೂರ್ನಿ ಮುಗಿದ ಮರುದಿನವೇ ಮುಖ್ಯ ಕೋಚ್ ಗ್ರಹಾಂ ರೀಡ್ ರಾಜೀನಾಮೆ ಕೊಟ್ಟರು. ಟೋಕಿಯೊದಲ್ಲಿ 41 ವರ್ಷದ ಮೇಲೆ ಒಲಿಂಪಿಕ್ ಪದಕ ತಂದುಕೊಟ್ಟಿದ್ದ ಕೋಚ್ ಅವರು. ಅವರ ಜೊತೆಗೆ ಇನ್ನಿಬ್ಬರು ಹೊರಟರು: ಆಟದ ವಿಶ್ಲೇಷಣೆ ನೋಡಿಕೊಳ್ಳುತ್ತಿದ್ದ ಗ್ರೆಗ್ ಕ್ಲಾರ್ಕ್, ವೈಜ್ಞಾನಿಕ ಸಲಹೆಗಾರ ಮಿಚೆಲ್ ಡೇವಿಡ್ ಪೆಂಬರ್ಟನ್.

ಆದರೆ ಹೊರಡದೆ ಉಳಿದವರೂ ಇದ್ದರು. ನಮ್ಮ ಕರ್ನಾಟಕದ ಬಿ.ಜೆ. ಕಾರಿಯಪ್ಪ ಮತ್ತು ಮಾಜಿ ಆಟಗಾರ ಶಿವೇಂದ್ರ ಸಿಂಗ್. ಹೊಸ ಮುಖ್ಯ ಕೋಚ್ ಬರುವ ತನಕ ಆಸ್ಟ್ರೇಲಿಯಾದ ಕೋಚ್ ಡೇವಿಡ್ ಜಾನ್ ಜೊತೆ ಸೇರಿ ಇವರೇ ತಂಡ ನಡೆಸಿದರು. ಮಾರ್ಚ್‌ನಲ್ಲಿ ರೂರ್ಕೆಲಾದಲ್ಲಿ ಪ್ರೊ ಲೀಗ್ ಅನ್ನುವ ಅಂತಾರಾಷ್ಟ್ರೀಯ ಟೂರ್ನಿಯ ಪಂದ್ಯಗಳಿದ್ದವು. ಆಗಷ್ಟೇ ವಿಶ್ವಕಪ್ ಗೆದ್ದಿದ್ದ ಜರ್ಮನಿಯನ್ನು ಭಾರತ 3-2ರಿಂದ ಹೊಡೆಯಿತು. ಮೂರು ದಿನ ಬಿಟ್ಟು ಮತ್ತೆ 6-3. ಮುಖ್ಯ ಕೋಚ್ ಇಲ್ಲದ ತಂಡ!

ನನ್ನ ವಾದ ಇರುವುದೇ ಇಲ್ಲಿ. ಅಸಿಸ್ಟೆಂಟ್ ಕೋಚ್ ಅಂತ ಒಂದೇ ಹೆಸರಿನಲ್ಲಿ ಎರಡು ಜಾತಿಯ ಜನ ಇದ್ದಾರೆ. ಒಬ್ಬರು ಮುಖ್ಯ ಕೋಚ್ ಜೊತೆ ಬಂದವರು, ಅವರ ಜೊತೆಗೇ ಹೋಗುವವರು. ಇನ್ನೊಬ್ಬರು ಮನೆಯವರು, ಕೋಚ್ ಬದಲಾದರೂ ಉಳಿಯುವವರು. ಮೊದಲನೆಯವರನ್ನು ಆರಿಸುವ ಹಕ್ಕು ಕೋಚ್‌ಗೆ ಇರಬೇಕು, ಎರಡನೆಯವರನ್ನು ಸಂಸ್ಥೆ ನೇಮಿಸಬೇಕು. ಯಾರು ಯಾವ ಜಾತಿ ಅನ್ನೋದು ಮೊದಲ ದಿನವೇ ಎಲ್ಲರಿಗೂ ಗೊತ್ತಿರಬೇಕು. ನಮ್ಮಲ್ಲಿ ಗೊಂದಲ ಆಗೋದು ಇದು ಗೊತ್ತಿಲ್ಲದೆ.

ಯಾಕೆ ಗೊತ್ತಿರೋಲ್ಲ? ದುಡ್ಡಿನ ದಾರಿ ಹಿಡಿದು ಹೋದರೆ ಅರ್ಥ ಆಗುತ್ತೆ. ಭಾರತ ತಂಡ ಹಾಕಿ ಇಂಡಿಯಾ ಅನ್ನುವ ಫೆಡರೇಷನ್‌ದು. ಆದರೆ ವಿದೇಶಿ ಕೋಚ್‌ಗಳ ಸಂಬಳ ಬರುವುದು ಕೇಂದ್ರ ಕ್ರೀಡಾ ಸಚಿವಾಲಯದಿಂದ, ಭಾರತೀಯ ಕ್ರೀಡಾ ಪ್ರಾಧಿಕಾರ ಅಂದರೆ ಸಾಯ್ ಮೂಲಕ. ಫೆಡರೇಷನ್ ಹೆಸರು ಸೂಚಿಸುತ್ತೆ, ಸಾಯ್ ಒಪ್ಪುತ್ತೆ. ವರ್ಷಕ್ಕೊಮ್ಮೆ ಕ್ಯಾಂಪು, ಪ್ರವಾಸ, ಸಿಬ್ಬಂದಿ ಎಲ್ಲ ಸೇರಿಸಿ ಒಂದು ಕ್ಯಾಲೆಂಡರ್ ಮಾಡಿ ಮಂಜೂರು ಮಾಡಿಸಿಕೊಳ್ಳಬೇಕು. ಕ್ಯಾಂಪು ಜಾಸ್ತಿ ನಡೆಯುವುದು ಬೆಂಗಳೂರಿನ ಸಾಯ್ ಕೇಂದ್ರದಲ್ಲಿ. ಜೆರ್ಸಿ ಮೇಲೆ ಇರುವ ಹೆಸರು ಒಡಿಶಾದ್ದು. 2018ರಿಂದ ಆ ರಾಜ್ಯವೇ ಪ್ರಾಯೋಜಕ, ಈಗ ಒಪ್ಪಂದ 2036ರ ತನಕ ಇದೆ. ಅಂದರೆ ತಂಡ ಒಬ್ಬರದು, ಸಂಬಳ ಇನ್ನೊಬ್ಬರದು, ಜೆರ್ಸಿ ಮತ್ತೊಬ್ಬರದು. ಇದರ ನಡುವೆ ಮುಖ್ಯ ಕೋಚ್ "ನನಗೆ ಇಂಥವನೇ ಬೇಕು" ಅಂದರೆ ಆ ಮಾತು ಎಷ್ಟು ಮೇಜು ದಾಟಿ ಹೋಗಬೇಕು, ನೀವೇ ಲೆಕ್ಕ ಹಾಕಿ.

ಈ ಮೇಜುಗಳ ನಡುವೆ ಸುಸ್ತಾದವರಲ್ಲಿ ಭಾರತದ ಮುಖ್ಯ ಕೋಚ್ ಆಗಿದ್ದ ಆಸ್ಟ್ರೇಲಿಯಾದ ಟೆರ್ರಿ ವಾಲ್ಷ್ ಒಬ್ಬರು. 2014ರಲ್ಲಿ ಇಂಚಾನ್ ಏಷ್ಯನ್ ಗೇಮ್ಸ್. ಫೈನಲ್‌ನಲ್ಲಿ ಪಾಕಿಸ್ತಾನವನ್ನು ಶೂಟೌಟ್‌ನಲ್ಲಿ ಸೋಲಿಸಿ 16 ವರ್ಷದ ಮೇಲೆ ಚಿನ್ನ ಬಂತು, ರಿಯೊ ಒಲಿಂಪಿಕ್ಸ್‌ಗೆ ನೇರ ದಾರಿಯೂ ಸಿಕ್ಕಿತು. ಕೋಚ್‌ಗೆ ಹಾರ ಬೀಳುವ ಕಾಲ ಅಲ್ವಾ? ಅದೇ ತಿಂಗಳಲ್ಲಿ ವಾಲ್ಷ್ ರಾಜೀನಾಮೆ ಪತ್ರ ಬರೆದರು. ಇಲ್ಲಿನ ಕ್ರೀಡಾ ಅಧಿಕಾರಿಗಳು ನಿರ್ಧಾರ ತೆಗೆದುಕೊಳ್ಳುವ ರೀತಿಗೆ ಹೊಂದಿಕೊಳ್ಳುವುದು ಕಷ್ಟ ಅನ್ನುವುದು ಅದರ ಸಾರ. ಗೆದ್ದ ಕೋಚ್ ಬರೆದ ಪತ್ರ ಇದು. ಸೋತವನು ಬರೆದಿದ್ದರೆ ನೆಪ ಅನ್ನಬಹುದಿತ್ತು.

ಅವರ ನಂತರ ಬಂದ ಪಾಲ್ ವಾನ್ ಆಸ್ 2015ರಲ್ಲೇ ಹೋದರು. ಹೈ ಪರ್ಫಾರ್ಮೆನ್ಸ್ ಡೈರೆಕ್ಟರ್ ಆಗಿದ್ದ ರೋಲಂಟ್ ಓಲ್ಟ್‌ಮನ್ಸ್ ಅದೇ ವರ್ಷ ಮುಖ್ಯ ಕೋಚ್ ಆದರು, 2017ರಲ್ಲಿ ಅವರೂ ಹೋದರು. ಆಮೇಲಿನದು ಇನ್ನೂ ಚೆನ್ನಾಗಿದೆ. ಮಹಿಳಾ ತಂಡದ ಶೋರ್ಡ್ ಮರೈನ್ ಪುರುಷರ ತಂಡಕ್ಕೆ, ಹರೇಂದ್ರ ಸಿಂಗ್ ಮಹಿಳಾ ತಂಡಕ್ಕೆ. 2018ರಲ್ಲಿ ಮತ್ತೆ ಅದಲು ಬದಲು: ಮರೈನ್ ಮಹಿಳೆಯರಿಗೆ, ಹರೇಂದ್ರ ಪುರುಷರಿಗೆ. ನಮ್ಮೂರ ಕಡೆ ಇದಕ್ಕೆ ಕುಂಟಾಬಿಲ್ಲೆ ಅಂತಾರೆ. ಇಷ್ಟು ಬೇಗ ಮೇಲಿನವರು ಬದಲಾದರೆ ಯಾವ ಹುಡುಗ ಒತ್ತಡದಲ್ಲಿ ಎಡಗಡೆಗೇ ತಿರುಗುತ್ತಾನೆ, ಯಾರಿಗೆ ಗದರಿದರೆ ಆಟ ಕೆಡುತ್ತೆ ಅನ್ನುವ ಲೆಕ್ಕ ಇಟ್ಟುಕೊಂಡಿರುವವರು ಯಾರು? ಉಳಿದ ಆ ಅಸಿಸ್ಟೆಂಟುಗಳೇ. ಶಿವೇಂದ್ರ ಸಿಂಗ್ ಟೋಕಿಯೊ ಕಂಚಿನ ಹಾದಿಯಲ್ಲೂ ಇದ್ದರು, ಪ್ಯಾರಿಸ್ ಕಂಚಿನ ಹಾದಿಯಲ್ಲೂ ಇದ್ದರು. ಆ ಎರಡರ ನಡುವೆ ಮುಖ್ಯ ಕೋಚ್ ಬದಲಾಗಿದ್ದರು.

ಹಾಗಂತ ಫೆಡರೇಷನ್ ನೇಮಿಸಿದವರೇ ಒಳ್ಳೆಯವರು ಅಂತ ತೀರ್ಪು ಕೊಡಬೇಡಿ. ರೀಡ್ ಜಾಗಕ್ಕೆ ಬಂದ ಕ್ರೇಗ್ ಫುಲ್ಟನ್ ಯಾರು? ದಕ್ಷಿಣ ಆಫ್ರಿಕಾದವರು. ಐರ್ಲೆಂಡ್‌ಗೆ ಮುಖ್ಯ ಕೋಚ್ ಆಗಿದ್ದವರು. ಅಲ್ಲಿಂದ ಬೆಲ್ಜಿಯಂಗೆ ಹೋಗಿ ಶೇನ್ ಮೆಕ್ಲಿಯೋಡ್ ಕೈಕೆಳಗೆ ಅಸಿಸ್ಟೆಂಟ್ ಆದರು. ಒಂದು ದೇಶಕ್ಕೆ ಮುಖ್ಯ ಕೋಚ್ ಆದವನು ಇನ್ನೊಬ್ಬರ ಕೈಕೆಳಗೆ ಹೋಗೋದು ನಮ್ಮ ಲೆಕ್ಕದಲ್ಲಿ ಹಿಂಬಡ್ತಿ. ಬೆಲ್ಜಿಯಂ 2018ರ ವಿಶ್ವಕಪ್ ಗೆದ್ದಿತು, ಟೋಕಿಯೊ ಚಿನ್ನವನ್ನೂ ಗೆದ್ದಿತು. ಭಾರತಕ್ಕೆ ಬಂದ ಮೇಲೆ ಫುಲ್ಟನ್ ಬಳಗದಲ್ಲಿ ಅವರದೇ ದೇಶದ ರೆಟ್ ಹಾಲ್ಕೆಟ್ ವಿಶ್ಲೇಷಣೆಗೆ ಬಂದರು, ಮನಸ್ಸಿನ ತರಬೇತಿಗೆ ಪ್ಯಾಡಿ ಅಪ್ಟನ್ ಬಂದರು. ಶಿವೇಂದ್ರ ಹೇಗೂ ಇದ್ದರು. ಬಂದವರು, ಇದ್ದವರು ಎರಡೂ ಸೇರಿದ ಬಳಗ. ನನಗೆ ಸರಿ ಅನ್ನಿಸುವುದು ಈ ಮಿಶ್ರಣವೇ.

ಅಷ್ಟಕ್ಕೂ ಅಸಿಸ್ಟೆಂಟ್ ಮಾಡುವುದಾದರೂ ಏನು ಅಂತ ಕೇಳಬಹುದು. ಪ್ಯಾರಿಸ್ ಕ್ವಾರ್ಟರ್ ಫೈನಲ್ ನೆನಪು ಮಾಡಿಕೊಳ್ಳಿ. 2024ರ ಆಗಸ್ಟ್ 4, ಎದುರಿಗೆ ಬ್ರಿಟನ್. ಎರಡನೇ ಕ್ವಾರ್ಟರ್ ಶುರುವಿನಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಬೇಕು. ಅಮಿತ್ ಬರೀ ಡಿಫೆಂಡರ್ ಅಲ್ಲ, ಪೆನಾಲ್ಟಿ ಕಾರ್ನರ್‌ನಲ್ಲಿ ಮೊದಲು ಓಡುವವನು ಅವನೇ. ನಮ್ಮ ಕೋಲಾರದ ಹುಡುಗ ನಿಂತುಬಿಟ್ಟನಲ್ಲ, ಅದೇ ಜಾಗ. ಈಗ ಅಲ್ಲಿ ಯಾರು ಓಡಬೇಕು, ಅವನು ದಣಿದರೆ ಆಮೇಲೆ ಯಾರು? ಹಾಕಿಯಲ್ಲಿ ಎರಡು ನಿಮಿಷಕ್ಕೊಮ್ಮೆ ಆಟಗಾರರು ಒಳಗೆ ಹೊರಗೆ ಓಡಾಡುತ್ತಿರುತ್ತಾರೆ. ಆ ಲೆಕ್ಕ ಮುಖ್ಯ ಕೋಚ್ ಒಬ್ಬರ ತಲೆಯಲ್ಲಿ ಹಿಡಿಸುವುದಿಲ್ಲ. ಭಾರತ ಅದನ್ನು 1-1ಕ್ಕೆ ಎಳೆದು ಶೂಟೌಟ್‌ನಲ್ಲಿ 4-2ರಿಂದ ಗೆದ್ದಿತು. ಆಮೇಲೆ ಹಾಕಿ ಇಂಡಿಯಾ ಕೊಟ್ಟ ದೂರಿನಲ್ಲಿ ಒಂದು ಅಂಶ ಮಜವಾಗಿದೆ: ಶೂಟೌಟ್ ವೇಳೆ ಬ್ರಿಟನ್ ಗೋಲ್‌ಕೀಪರ್ ಟ್ಯಾಬ್ಲೆಟ್ ನೋಡುತ್ತಿದ್ದರು ಅಂತ. ಯಾರು ಯಾವ ಕಡೆ ತಿರುಗಿ ಹೊಡೆಯುತ್ತಾರೆ ಅಂತ ತಿಂಗಳುಗಟ್ಟಲೆ ಕೂತು ಲೆಕ್ಕ ಬರೆಯುವುದು ಅಸಿಸ್ಟೆಂಟುಗಳ ಕೆಲಸ. ಈ ಕಾಲದ ಅಸಿಸ್ಟೆಂಟ್ ಚೀಲ ಹೊರುವವನಲ್ಲ.

ಈಗ ಸ್ವಲ್ಪ ದೂರ ಹೋಗೋಣ. ಪ್ರೊಫೆಷನಲ್ ಹಾಕಿ ಅಂದರೆ ಅಮೆರಿಕ, ಕೆನಡಾದಲ್ಲಿ ಐಸ್ ಹಾಕಿ. ಅಲ್ಲಿನ ಎನ್‌ಎಚ್‌ಎಲ್ ಲೀಗ್‌ನಲ್ಲಿ 32 ತಂಡ ಇವೆ. ಮೇಲೆ ಮಾಲೀಕ. ಅವನ ಕೆಳಗೆ ಜನರಲ್ ಮ್ಯಾನೇಜರ್, ಅಂದರೆ ಆಟಗಾರರನ್ನು ತರುವ, ಮಾರುವ, ಕೋಚ್‌ನನ್ನು ನೇಮಿಸುವ ಯಜಮಾನ. ಅವನ ಕೆಳಗೆ ಮುಖ್ಯ ಕೋಚ್. ಅಸಿಸ್ಟೆಂಟ್ ಹೆಸರು ಸಾಮಾನ್ಯವಾಗಿ ಮುಖ್ಯ ಕೋಚ್ ಹೇಳುತ್ತಾನೆ. ಒಪ್ಪಿಗೆ ಮತ್ತು ಒಪ್ಪಂದ ಜನರಲ್ ಮ್ಯಾನೇಜರ್‌ದು. ಬೇರೆ ತಂಡದ ಒಪ್ಪಂದದಲ್ಲಿ ಇರುವವನು ಬೇಕಾದರೆ ಆ ತಂಡವನ್ನು ಕೇಳಿಯೇ ಮಾತಾಡಬೇಕು. ಕಾಗದದ ಮೇಲೆ ಇಷ್ಟು ಸಲೀಸು.

ಸೇಂಟ್ ಲೂಯಿಸ್ ಬ್ಲೂಸ್ ತಂಡದ ಕಥೆ ಕೇಳಿ. 2016ರಲ್ಲಿ ಕೆನ್ ಹಿಚ್‌ಕಾಕ್ ಮುಖ್ಯ ಕೋಚ್. ಇದೇ ನನ್ನ ಕೊನೇ ವರ್ಷ ಅಂದಿದ್ದರು. ತಂಡದವರು ಮೈಕ್ ಯೋ ಅನ್ನುವವರನ್ನು ಅಸೋಸಿಯೇಟ್ ಕೋಚ್ ಮಾಡಿ ಪಕ್ಕದಲ್ಲಿ ಕೂರಿಸಿದರು, ಮುಂದಿನ ವರ್ಷ ನೀನೇ ಮುಖ್ಯ ಕೋಚ್ ಅಂತ ಮೊದಲೇ ಮಾತಾಗಿತ್ತು. ಮಂಟಪದಲ್ಲಿ ಒಬ್ಬ ಗಂಡು ಇರುವಾಗಲೇ ಇನ್ನೊಬ್ಬನಿಗೆ ಪೇಟ ಕಟ್ಟಿ ಕೂರಿಸಿದ ಹಾಗೆ. ತಂಡ ಸ್ವಲ್ಪ ಎಡವಿತು. 2017ರ ಫೆಬ್ರುವರಿ 1ಕ್ಕೆ ಹಿಚ್‌ಕಾಕ್ ಮನೆಗೆ, ಯೋ ಕುರ್ಚಿಗೆ. ಆ ಬೇಸಿಗೆಯಲ್ಲಿ ಕ್ರೇಗ್ ಬೆರೂಬಿ ಅಸೋಸಿಯೇಟ್ ಆಗಿ ಬಂದರು. 2018ರ ನವೆಂಬರ್‌ನಲ್ಲಿ ಯೋ ಹೋದರು, ಬೆರೂಬಿ ತಾತ್ಕಾಲಿಕ ಕೋಚ್ ಆದರು. 2019ರ ಜನವರಿ ಶುರುವಿನಲ್ಲಿ ತಂಡ ಇಡೀ ಲೀಗ್‌ನಲ್ಲೇ ಕೊನೇ ಸ್ಥಾನದಲ್ಲಿತ್ತು. ಜೂನ್‌ನಲ್ಲಿ ಅದೇ ತಂಡ ಲೀಗ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿತು! ಪಕ್ಕದ ಕುರ್ಚಿ ಒಬ್ಬರಿಗೆ ಏಣಿ, ಇನ್ನೊಬ್ಬರಿಗೆ ಕತ್ತಿ. ಯಾವುದು ಅನ್ನೋದು ಆ ಕುರ್ಚಿ ಹಾಕಿಸಿದವರಿಗೆ ಮಾತ್ರ ಗೊತ್ತು.

ಎಡ್ಮಂಟನ್ ಆಯಿಲರ್ಸ್ ಕಥೆ ಇನ್ನೂ ಬೇರೆ. 2023ರ ನವೆಂಬರ್ 12ಕ್ಕೆ ಮುಖ್ಯ ಕೋಚ್ ಜೇ ವುಡ್‌ಕ್ರಾಫ್ಟ್ ಜೊತೆ ಅಸಿಸ್ಟೆಂಟ್ ಡೇವ್ ಮ್ಯಾನ್ಸನ್ ಕೂಡ ಹೊರಗೆ. ಹೊಸ ಕೋಚ್ ಕ್ರಿಸ್ ನೋಬ್ಲಾಕ್. ಅದೇ ದಿನ ಡಿಫೆನ್ಸ್ ನೋಡಿಕೊಳ್ಳಲು ಬಂದವರು ಪಾಲ್ ಕಾಫಿ. ತಮ್ಮ ಕಾಲದಲ್ಲಿ ದೊಡ್ಡ ಆಟಗಾರ. ಆದರೆ ಅಲ್ಲಿಯ ತನಕ ಅವರು ತಂಡದ ಮಾಲೀಕರ ಸಲಹೆಗಾರ! ನೋಬ್ಲಾಕ್ ಜಾಗದಲ್ಲಿ ನಿಂತು ಯೋಚನೆ ಮಾಡಿ. ಹೊಸ ಊರು, ಹೊಸ ಕೆಲಸ, ಪಕ್ಕದಲ್ಲಿ ಯಜಮಾನರ ಮನೆಗೆ ನೇರ ಫೋನ್ ಮಾಡಬಲ್ಲ ಅಸಿಸ್ಟೆಂಟ್. ನಮ್ಮ ಮೇಷ್ಟ್ರಾಗಿದ್ದರೆ ಬಸ್ಸಿನಿಂದ ಇಳಿದುಬಿಡುತ್ತಿದ್ದರು. ಆದರೆ ಅದು ಕೆಲಸ ಮಾಡಿತು. ತಂಡ ಸತತ 16 ಪಂದ್ಯ ಗೆದ್ದಿತು, ಏಳು ಪಂದ್ಯದ 2024ರ ಫೈನಲ್‌ನಲ್ಲಿ 0-3 ಹಿಂದಿದ್ದು 3-3ಕ್ಕೆ ಬಂದು ಏಳನೇ ಪಂದ್ಯದಲ್ಲಿ ಸೋತಿತು. ಹಾಗಾಗಿ ಮೇಲಿನಿಂದ ಬಂದ ಅಸಿಸ್ಟೆಂಟ್ ಅಂದರೆ ಗೂಢಚಾರ ಅಂತಲೇ ತಿಳಿಯಬೇಕಿಲ್ಲ. ಕಾಫಿ ಯಾರ ಮನುಷ್ಯ ಅನ್ನೋದು ನೋಬ್ಲಾಕ್‌ಗೆ ಮೊದಲ ದಿನವೇ ಗೊತ್ತಿತ್ತು. ಅದು ಮುಖ್ಯ.

ನಮ್ಮ ಕ್ರಿಕೆಟ್‌ನಲ್ಲೂ ಒಮ್ಮೆ ಇದು ಬಯಲಿಗೆ ಬಂದಿತ್ತು. 2017ರಲ್ಲಿ ಸಚಿನ್, ಗಂಗೂಲಿ, ಲಕ್ಷ್ಮಣ್ ಇದ್ದ ಸಮಿತಿ ರವಿ ಶಾಸ್ತ್ರಿಯನ್ನು ಮುಖ್ಯ ಕೋಚ್ ಮಾಡಿತು. ಜೊತೆಗೆ ಜಹೀರ್ ಖಾನ್ ಮತ್ತು ನಮ್ಮ ರಾಹುಲ್ ದ್ರಾವಿಡ್ ಹೆಸರನ್ನೂ ಸೇರಿಸಿತು. ಶಾಸ್ತ್ರಿಗೆ ಬೇಕಿದ್ದುದು ಭರತ್ ಅರುಣ್. ಕೆಲವೇ ದಿನದಲ್ಲಿ ಬೌಲಿಂಗ್ ಕೋಚ್ ಆಗಿ ಬಂದವರು ಅರುಣ್. ದ್ರಾವಿಡ್‌ಗಿಂತ ದೊಡ್ಡ ಹೆಸರು ಬೇಕಾ? ಆದರೂ ಕೋಚ್ ಕೇಳದೆ ಕೊಟ್ಟ ಸಹಾಯ ನಿಲ್ಲಲಿಲ್ಲ.

ಹಾಕಿಯಲ್ಲಿ ಎನ್‌ಎಚ್‌ಎಲ್ ರೀತಿಯ ಏಣಿ ನಮ್ಮಲ್ಲೂ ಈಗ ಕಾಣಿಸುತ್ತಿದೆ. 2017ರ ಮೇಲೆ ನಿಂತುಹೋಗಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್ 28ಕ್ಕೆ ರೂರ್ಕೆಲಾದಲ್ಲಿ ಮತ್ತೆ ಶುರುವಾಯಿತು. ಪುರುಷರ ಎಂಟು ತಂಡ, ಮಹಿಳೆಯರ ನಾಲ್ಕು. ಅದರಲ್ಲಿ ಕರ್ನಾಟಕದ ತಂಡ ಒಂದೂ ಇರಲಿಲ್ಲ ಅನ್ನೋದು ಬೇರೆ ಹೊಟ್ಟೆಉರಿ. ಅಲ್ಲಿ ದುಡ್ಡು ಹಾಕುವವನು ಮಾಲೀಕ, ಆರಿಸುವವನೂ ಮಾಲೀಕ ನೇಮಿಸಿದವನೇ. ಡೆಲ್ಲಿ ಎಸ್‌ಜಿ ಪೈಪರ್ಸ್ ತಂಡ ಶ್ರೀಜೇಶ್ ಅವರನ್ನು ಹಾಕಿ ಡೈರೆಕ್ಟರ್ ಮಾಡಿತು, ಪುರುಷರ ತಂಡಕ್ಕೆ ಕೋಚ್ ಆಗಿ ಬಂದವರು ಅದೇ ಗ್ರಹಾಂ ರೀಡ್. ರೀಡ್ ಕೈಕೆಳಗೆ ಆಡಿದ ಗೋಲ್‌ಕೀಪರ್ ಆಗ ಅವರಿಗೇ ಡೈರೆಕ್ಟರ್. ಆದರೆ ದಾರಿ ನೇರ. ಮೇಜು ಎರಡೇ.

ರಾಷ್ಟ್ರೀಯ ತಂಡದಲ್ಲಿ ಮೇಜುಗಳು ಕಡಿಮೆ ಆಗುತ್ತವಾ? 2022ರಲ್ಲಿ ದಿಲ್ಲಿ ಹೈಕೋರ್ಟು ಹಾಕಿ ಇಂಡಿಯಾದಲ್ಲಿ ಆಜೀವ ಅಧ್ಯಕ್ಷ, ಆಜೀವ ಸದಸ್ಯ ಅನ್ನುವ ಹುದ್ದೆಗಳೇ ಕಾನೂನುಬಾಹಿರ ಅಂತ ಹೇಳಿ ಆಡಳಿತ ಸಮಿತಿ ನೇಮಿಸಿತ್ತು. ಆಮೇಲೆ ಮಾಜಿ ನಾಯಕ ದಿಲೀಪ್ ಟಿರ್ಕಿ ಅಧ್ಯಕ್ಷರಾದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಒಪ್ಪಿತು. ಫೆಡರೇಷನ್‌ಗಳ ಮೇಲೆ ಒಂದು ಕ್ರೀಡಾ ಮಂಡಳಿ, ಜಗಳ ತೀರಿಸಲು ಒಂದು ನ್ಯಾಯಮಂಡಳಿ ಬರುತ್ತೆ. ಒಳ್ಳೆಯದೇ. ಆದರೆ ಚುನಾವಣೆ, ಹುದ್ದೆ, ವಯಸ್ಸಿನ ವಿಷಯ ಅದು. ಅಸಿಸ್ಟೆಂಟ್ ಕೋಚ್ ಯಾರ ಮಾತು ಕೇಳಬೇಕು ಅನ್ನುವುದನ್ನು ಯಾವ ಕಾಯ್ದೆಯೂ ಬರೆದುಕೊಡುವುದಿಲ್ಲ. ಅದನ್ನು ನೇಮಕದ ಪತ್ರದಲ್ಲೇ ಒಂದು ಸಾಲು ಬರೆಯಬೇಕು.

ನನ್ನ ಕೈಗೆ ಪೆನ್ನು ಕೊಟ್ಟರೆ ಹೀಗೆ ಬರೆಯುತ್ತೇನೆ. ವಿಶ್ಲೇಷಣೆಯವರು ಮತ್ತು ಗೋಲ್‌ಕೀಪಿಂಗ್ ಕೋಚ್ ಮುಖ್ಯ ಕೋಚ್ ಆಯ್ಕೆ. ಅವರು ಬಂದಾಗ ಬರಲಿ, ಹೋದಾಗ ಹೋಗಲಿ. ಒಬ್ಬ ಭಾರತೀಯ ಕೋಚ್ ಮಾತ್ರ ಫೆಡರೇಷನ್ ಆಯ್ಕೆ, ಕಡೇಪಕ್ಷ ಒಂದು ಒಲಿಂಪಿಕ್ಸ್‌ನಿಂದ ಇನ್ನೊಂದು ಒಲಿಂಪಿಕ್ಸ್ ತನಕ. ಆತನಿಗೆ ನಿಜವಾದ ಕೆಲಸ ಕೊಡಬೇಕು. ಮುಖ್ಯ ಕೋಚ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಹಿಂದಿಗೆ ದಾಟಿಸುವ ದುಭಾಷಿ ಮಾಡಿ ಕೂರಿಸಬಾರದು. ಟೋಕಿಯೊದಲ್ಲಿ ಮಹಿಳಾ ತಂಡ ನಾಲ್ಕನೇ ಸ್ಥಾನಕ್ಕೆ ಬಂದಾಗ ಕೊಡಗಿನ ಅಂಕಿತಾ ಸುರೇಶ್ ಅಸಿಸ್ಟೆಂಟ್ ಕೋಚ್ ಆಗಿದ್ದರು. ವಿಶ್ಲೇಷಣೆಯ ಕೋಚ್ ಆಗಿದ್ದ ಡಚ್ ಮಹಿಳೆ ಯಾನೆಕೆ ಶಾಪ್‌ಮನ್ ಅದೇ ತಿಂಗಳು ಮುಖ್ಯ ಕೋಚ್ ಆದರು. ಪಕ್ಕದ ಕುರ್ಚಿಯಿಂದ ನಡುವಿನ ಕುರ್ಚಿಗೆ ನಮ್ಮವರೂ ಜಾಸ್ತಿ ಬರಬೇಕಾದರೆ ಆ ಕುರ್ಚಿಯಲ್ಲಿ ಕೂತಾಗ ಕಲಿಯಲು ಬಿಡಬೇಕು.

2026ರ ಆಗಸ್ಟ್‌ನಲ್ಲಿ ಬೆಲ್ಜಿಯಂ, ನೆದರ್ಲೆಂಡ್ಸ್‌ನ ವಿಶ್ವಕಪ್, ಅದರ ಬೆನ್ನಿಗೇ ಜಪಾನ್‌ನ ಏಷ್ಯನ್ ಗೇಮ್ಸ್. ಒಂದರ ಮೇಲೊಂದು ಎರಡು ದೊಡ್ಡ ಟೂರ್ನಿ ಬಂದಾಗ ಕೋಚ್ ಕುರ್ಚಿ ಅಲ್ಲಾಡುವುದು ಹೊಸದಲ್ಲ. ಆಗ ನೀವು ಕೋಚ್ ಹೆಸರು ಓದಿ ನಿಲ್ಲಿಸಬೇಡಿ. ಸುದ್ದಿಯ ಕೊನೇ ಪ್ಯಾರಾದಲ್ಲಿ ಯಾರ್ಯಾರು ಜೊತೆಗೆ ಹೋದರು, ಯಾರು ಉಳಿದರು ಅಂತ ನೋಡಿ.

ನಮ್ಮ ಮೇಷ್ಟ್ರು ಆಮೇಲೆ ವರ್ಗ ಆಗಿ ಬೇರೆ ಜಿಲ್ಲೆಗೆ ಹೋದರು. ಕೆಜಿಎಫ್ ಕಡೆಯ ಹಿರಿಯರು ಗಣಿ ಇದ್ದ ಕಾಲದ ಹಾಕಿ ಬಗ್ಗೆ ಮಾತಾಡುವಾಗೆಲ್ಲ ನನಗೆ ಅವರ ನೆನಪಾಗುತ್ತೆ, ಆ ಕಥೆಗಳನ್ನು ಹೇಳಿ ಹೇಳಿ ಹುಡುಗರನ್ನು ಓಡಿಸುತ್ತಿದ್ದರು. ಬಸ್ ಸ್ಟ್ಯಾಂಡಿಗೆ ಕಾಗದ ಹಿಡಿದು ಓಡಿಬಂದಿದ್ದವರು ಮಾತ್ರ ಇಲ್ಲೇ ಇದ್ದಾರೆ. ಮೊನ್ನೆ ಬೆಳಿಗ್ಗೆ ಮೈದಾನದ ಕಡೆ ಹೋಗಿದ್ದೆ. ಟಿವಿಎಸ್ ಎಕ್ಸ್‌ಎಲ್ ಮೇಲೆ ಚೆಂಡಿನ ಚೀಲ ಇಟ್ಟುಕೊಂಡು ಬಂದರು. ಕೆಂಪು ಮಣ್ಣಿನ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಎಂಟು ಹುಡುಗಿಯರಿಗೆ ಪೆನಾಲ್ಟಿ ಕಾರ್ನರ್ ಹೇಳಿಕೊಡುತ್ತಿದ್ದರು. ಮೊದಲನೇ ಹುಡುಗಿ ನಿಲ್ಲದೆ ನೇರ ಓಡಿದಳು.

"ಏನ್ ಸಾರ್, ಪದ್ಧತಿ ಬದಲಾಯ್ತಾ?" ಅಂದೆ.

"ಮೇಷ್ಟ್ರುದೇ ಸರಿ ಸಾರ್ ಈ ನೆಲಕ್ಕೆ. ಮಣ್ಣಲ್ಲಿ ಬಾಲ್ ನಿಧಾನ ಬರುತ್ತೆ, ಓಡೋಕೆ ಟೈಮ್ ಸಿಗುತ್ತೆ."

ಈಗ ಕಾಗದ ಯಾರು ಕೊಟ್ಟಿದ್ದಾರೆ ಅಂತ ಕೇಳಿದೆ. ನಕ್ಕು, ಸುಣ್ಣದ ಡಬ್ಬ ಎತ್ತಿಕೊಂಡು ಇನ್ನೊಂದು ಗೆರೆ ಎಳೆಯಲು ಹೋದರು.